ಬಾಗಿನಕ್ಕೆ ಕಾದ ಕೆರೆ

ಹೋದ ತಿಂಗಳು ತಂಗಿಯ ಮಗಳು ಮನೆಗೆ ಬಂದಿದ್ದಳು. ತಹಸೀಲ್ದಾರ್ ಹುದ್ದೆಗೆ ಆಯ್ಕೆಯಾಗಿ ಆಗಷ್ಟೇ ತರಬೇತಿ ಮುಗಿಸಿದ್ದಳು. ಚೀಲದಿಂದ ಇಟ್ಟಿಗೆಯಷ್ಟು ದಪ್ಪದ ಪುಸ್ತಕವೊಂದನ್ನು ತೆಗೆದು ನನ್ನ ಮುಂದಿಟ್ಟು, "ದೊಡ್ಡಮ್ಮ, ವಿಪತ್ತು ನಿರ್ವಹಣೆ ಅಂತ ಇಷ್ಟು ಓದ್ಸಿದ್ದಾರೆ. ನಿಮ್ಮ ಕಾಲದಲ್ಲಿ ಏನಿತ್ತು?" ಎಂದಳು.

"ಒಂದು ಜೀಪು, ಒಂದು ಟ್ರಂಕ್ ಕಾಲ್ ಫೋನು, ಒಬ್ಬ ಎಮ್ಮೆಲ್ಲೆ," ಎಂದೆ.

ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ. ಪುಸ್ತಕ ತಿರುವಿ ನೋಡಿದೆ. ಎಲ್ಲ ಇದೆ ಅದರಲ್ಲಿ. ಯಾರು ಯಾರಿಗೆ ವರದಿ ಕೊಡಬೇಕು, ಯಾವ ಬಣ್ಣದ ಎಚ್ಚರಿಕೆಗೆ ಏನು ಮಾಡಬೇಕು, ಎಲ್ಲ. ಆದರೆ ಕೆರೆಯ ಏರಿ ಮೇಲೆ ಮಳೆಯಲ್ಲಿ ನಿಂತಾಗ ಎದುರಿಗೆ ಶಾಸಕರ ಕಾರು ಬಂದರೆ ಏನು ಮಾಡಬೇಕು ಎಂಬುದು ಎಲ್ಲೂ ಇಲ್ಲ. ಅವಳಿಗೂ ಅವಳ ಓರಗೆಯವರಿಗೂ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಕಂದಾಯ ಇಲಾಖೆಗೆ ಗುಮಾಸ್ತಳಾಗಿ ಸೇರಿ ತಹಸೀಲ್ದಾರಳಾಗಿ ನಿವೃತ್ತಳಾದೆ. ನಡುವಿನ ಬಡ್ತಿಗಳ ಕಥೆ ಯಾರಿಗೂ ಬೇಡ, ನನಗೂ ಬೇಡ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಎಂದು ನಾಲ್ಕೂ ಕಡೆ ನೀರು ಕುಡಿದಿದ್ದೇನೆ. ಆಗ ಎಲ್ಲವೂ ಕೋಲಾರ ಜಿಲ್ಲೆಯೇ. ಕೆರೆಯ ವಿಷಯ ಯಾವ ತಾಲೂಕಿನದು ಎಂದು ಮಾತ್ರ ಹೇಳುವುದಿಲ್ಲ. ಊರಿನ, ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ನೋಡಿಕೊಳ್ಳಲಿ.

ಮೊದಲು ಗೌರಿಬಿದನೂರು ಕಡೆಯ ಆಲಿಕಲ್ಲು. ಎಂಬತ್ತರ ದಶಕದ ನಡುವಿನ ಮಾತು. ನಾನಾಗ ರೆವಿನ್ಯೂ ಇನ್ಸ್‌ಪೆಕ್ಟರ್. ಬೇಸಿಗೆಯ ಒಂದು ಸಂಜೆ ಆಲಿಕಲ್ಲು ಸುರಿದು ದ್ರಾಕ್ಷಿ ತೋಟಗಳು ನೆಲ ಕಚ್ಚಿದವು. ಮಾರನೇ ದಿನ ಮಂತ್ರಿಗಳು ಬಂದು ನೋಡುತ್ತಾರೆ ಎಂದು ಸುದ್ದಿ ಬಂತು. ಆಲಿಕಲ್ಲು ಮಂತ್ರಿಗಳಿಗೆ ಕಾಯುತ್ತದೆಯೇ? ನಮ್ಮ ಗ್ರಾಮಲೆಕ್ಕಿಗ ಬಲು ಬುದ್ಧಿವಂತ. ದಪ್ಪನೆಯ ಕಲ್ಲು ನಾಲ್ಕು ಆರಿಸಿ ಕಾಫಿ ಫ್ಲಾಸ್ಕಿಗೆ ಹಾಕಿ, "ಸಾಕ್ಷಿ ಬೇಕಲ್ಲ ಮೇಡಂ," ಎಂದು ಮುಚ್ಚಳ ಬಿಗಿದಿಟ್ಟ. ಮಂತ್ರಿಗಳು ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಬಂದರು. ರಸ್ತೆ ಪಕ್ಕದ ಒಂದು ತೋಟ ನೋಡಿ ಬೆವರು ಒರೆಸಿಕೊಂಡು ನೀರು ಕೇಳಿದರು. ಯಾರೋ ಫ್ಲಾಸ್ಕ್ ಎತ್ತಿ ಕೊಟ್ಟರು. ಅವರು ಸಾಕ್ಷಿಯನ್ನು ಗಟಗಟ ಕುಡಿದು, "ತಣ್ಣಗಿದೆ," ಎಂದು ಕಾರು ಹತ್ತಿದರು.

ವಾರಗಟ್ಟಲೆ ನಕ್ಕೆವು. ಆದರೆ ಪರಿಹಾರ ಸಿಕ್ಕಿದ್ದು ಮಂತ್ರಿಗಳು ಕಂಡ ರಸ್ತೆ ಪಕ್ಕದ ತೋಟಗಳಿಗೆ ಮಾತ್ರ. ಒಳಗಿನ ತೋಟದವರು ಕಚೇರಿಗೆ ಅಲೆದು ಅಲೆದು ಸುಮ್ಮನಾದರು. ನಡೆದುಹೋದ ಹಾನಿಯನ್ನು ತೋರಿಸುವುದೇ ಇಷ್ಟು ಕಷ್ಟವಾದರೆ, ನಡೆಯದಂತೆ ತಡೆದ ಹಾನಿಯನ್ನು ತೋರಿಸುವುದು ಹೇಗೆ ಎಂದು ಆಗ ನನಗೆ ಹೊಳೆದಿರಲಿಲ್ಲ. ಆ ಪಾಠಕ್ಕೆ ಇನ್ನೂ ಕೆಲವು ವರ್ಷ ಇತ್ತು.

ಎರಡನೆಯದು ಚಿಂತಾಮಣಿ ಕಡೆಯ ನೀರಿನ ಟ್ಯಾಂಕರು. ಕೊಳವೆಬಾವಿಗಳು ಬತ್ತಿದ ಬೇಸಿಗೆ. ಇದ್ದ ಟ್ಯಾಂಕರುಗಳು ಯಾವ ಹಳ್ಳಿಗೆ ಮೊದಲು ಹೋಗಬೇಕು ಎಂದು ಬೆಳಿಗ್ಗೆ ನಾವು ತೀರ್ಮಾನಿಸುವುದು, ಫೋನು ಬಂದ ಮೇಲೆ ಅದು ಬದಲಾಗುವುದು. ನನ್ನ ಮೇಲಿದ್ದ ಹಳೆಯ ತಹಸೀಲ್ದಾರರು ಸಣಕಲು ಮೈಯ, ಮೆಲುಮಾತಿನ ಮನುಷ್ಯ. ಯಾರೊಂದಿಗೂ ಜಗಳವಾಡಿದ್ದನ್ನು ನಾನು ನೋಡಿಲ್ಲ. ಒಂದು ದಿನ ಅವರು ಸುಣ್ಣದ ಡಬ್ಬಿ ತರಿಸಿ, ಟ್ಯಾಂಕರಿನ ಹೊಟ್ಟೆಯ ಮೇಲೆಯೇ ಹಳ್ಳಿಗಳ ಹೆಸರನ್ನು ಸಾಲಾಗಿ ಬರೆಸಿದರು. ಕನ್ನಡದಲ್ಲಿ ಒಂದು ಕಡೆ, ತೆಲುಗಿನಲ್ಲಿ ಇನ್ನೊಂದು ಕಡೆ. ಫೋನು ಬಂದಾಗ, "ಆಗ್ಲಿ ಸ್ವಾಮಿ, ಬದಲಾಯಿಸ್ತೀನಿ. ಆದ್ರೆ ಜನ ಓದ್ಬಿಟ್ಟಿದ್ದಾರೆ. ಅವರಿಗೆ ತಾವೇ ಒಂದ್ಮಾತು ಹೇಳ್ಬಿಡಿ," ಎಂದರು. ಆಮೇಲೆ ಫೋನುಗಳು ಕಡಿಮೆಯಾದವು.

ಕಾಗದದಲ್ಲಿರುವ ಆದೇಶವನ್ನು ಯಾರು ಬೇಕಾದರೂ ಬದಲಾಯಿಸಬಹುದು, ಜನರ ಕಿವಿಗೆ ಬಿದ್ದ ಆದೇಶವನ್ನು ಬದಲಾಯಿಸುವುದು ಕಷ್ಟ. ಇದನ್ನು ನಾನು ಅವರಿಂದ ಕಲಿತೆ.

ಇನ್ನು ಕೆರೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಕಾರ್ತೀಕ ಮಾಸ. ನಾನಾಗ ತಹಸೀಲ್ದಾರಳು. ನಮ್ಮ ಕಡೆ ಮುಂಗಾರನ್ನು ನಂಬಿದವರು ಕಡಿಮೆ. ಮದ್ರಾಸಿನ ಕಡಲಲ್ಲಿ ತೂಫಾನು ಎದ್ದರೇ ನಮ್ಮ ಕೆರೆಗಳಿಗೆ ನೀರು. ಆ ವರ್ಷ ಜಡಿಮಳೆ ಹಿಡಿದು ಬೊಮ್ಮಪಲ್ಲಿಯ ದೊಡ್ಡಕೆರೆ ಎಷ್ಟೋ ವರ್ಷಗಳ ಮೇಲೆ ತುಂಬಿತು. ಊರಿಗೆ ಊರೇ ಏರಿ ಮೇಲೆ ನಿಂತು ನೋಡಿತು. ತುಂಬಿದ ಕೆರೆಗೆ ಬಾಗಿನ ಕೊಡಬೇಕಲ್ಲ. ಹಿಂದೆಲ್ಲ ಊರಿನ ಮುತ್ತೈದೆಯರು ಮೊರದಲ್ಲಿ ಅರಿಶಿನ ಕುಂಕುಮ, ಬಳೆ, ರವಿಕೆ ಕಣ ಇಟ್ಟು ನೀರಿಗೆ ಬಿಟ್ಟು ಬರುತ್ತಿದ್ದರು, ಮುಗಿಯುತ್ತಿತ್ತು. ಈಗ ಬಾಗಿನ ಎಂದರೆ ಶಾಸಕರು, ಶಾಸಕರು ಎಂದರೆ ಶಾಮಿಯಾನ. ಶುಕ್ರವಾರ ಮಂತ್ರಿಗಳನ್ನೂ ಕರೆತಂದು ಬಾಗಿನ ಅರ್ಪಿಸುವುದಾಗಿ ನಮ್ಮ ಶಾಸಕರು ಮಾತು ಕೊಟ್ಟಿದ್ದರು.

ಇಲ್ಲಿ ಒಂದು ರೂಢಿಯನ್ನು ಹೇಳಬೇಕು. ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹೋಗುವ ಬಾಯಿಗೆ ಕೋಡಿ ಎನ್ನುತ್ತೇವೆ. ಅದರ ಮೇಲೆ ಸಾಲಾಗಿ ಕಲ್ಲು ನೆಟ್ಟಿರುತ್ತಾರೆ. ಆ ಕಲ್ಲುಗಳ ಸಂದಿಗೆ ಹುಲ್ಲು, ಜೇಡಿಮಣ್ಣು, ಮರಳಿನ ಮೂಟೆ ತುಂಬಿ ನೀರನ್ನು ಇನ್ನೊಂದೆರಡು ಮೊಳ ಎತ್ತರಕ್ಕೆ ನಿಲ್ಲಿಸಿಕೊಳ್ಳುವುದು ನಮ್ಮ ರೈತರ ಹಳೇ ಅಭ್ಯಾಸ. ಮಳೆ ನಿಂತ ಮೇಲೆ ಹಾಗೆ ಮಾಡಿದರೆ ತೊಂದರೆಯಿಲ್ಲ. ಬೊಮ್ಮಪಲ್ಲಿಯವರು ಮಳೆ ಇರುವಾಗಲೇ ಮಾಡಿದ್ದರು. ಮಂತ್ರಿಗಳು ಬಂದಾಗ ಕೆರೆ ತುಳುಕುತ್ತಿರಬೇಕು ಎಂದು ಶಾಸಕರ ಕಡೆಯವರೇ ಹೇಳಿದ್ದರಂತೆ.

ಬುಧವಾರ ಬೆಳಿಗ್ಗೆ ಸಣ್ಣ ನೀರಾವರಿಯ ಜೂನಿಯರ್ ಎಂಜಿನಿಯರ್ ಬಾಷಾ ಒದ್ದೆ ಬೂಟಿನಲ್ಲೇ ನನ್ನ ಕೋಣೆಗೆ ಬಂದರು. ಮಾತಿಗೆ ಮೊದಲು ಸಲಾಮು ಮಾಡುವ ಮನುಷ್ಯ, ಅವತ್ತು ಮಾಡಲಿಲ್ಲ.

"ಮೇಡಂ, ದೊಡ್ಡಕೆರೆ ಏರಿ ಬುಡದಲ್ಲಿ ನೀರು ಬರ್ತಾ ಇದೆ."

"ಎಲ್ಲಾ ಏರೀಲೂ ಸ್ವಲ್ಪ ಜಿನುಗುತ್ತಲ್ವಾ?"

"ತಿಳಿ ನೀರು ಬಂದ್ರೆ ನಾನೂ ಹೆದರಲ್ಲ ಮೇಡಂ. ಇದು ಕೆಂಪು ನೀರು. ಒಳಗಿನ ಮಣ್ಣು ತಗೊಂಡ್ ಬರ್ತಾ ಇದೆ. ಕೋಡಿ ಬಿಚ್ಚಿ ನೀರು ಇಳಿಸ್ಲಿಲ್ಲ ಅಂದ್ರೆ ಏರಿ ನಿಲ್ಲಲ್ಲ. ರೇಡಿಯೋದಲ್ಲಿ ಇನ್ನೊಂದು ತೂಫಾನು ಅಂತಿದ್ದಾರೆ."

ಕೋಡಿಯಿಂದ ಇಳಿಯುವ ಹಳ್ಳದ ದಂಡೆಯಲ್ಲಿ ಒಂದು ಕಾಲೊನಿ ಇತ್ತು. ಕೆರೆ ಒಣಗಿದ್ದ ವರ್ಷಗಳಲ್ಲಿ ಯಾವುದೋ ಚುನಾವಣೆಗೆ ಮುಂಚೆ ಅಲ್ಲಿ ಬಡವರಿಗೆ ನಿವೇಶನ ಹಂಚಿದ್ದರು. ಹಳ್ಳ ಎಂಬುದು ಯಾರಿಗೂ ನೆನಪಿರಲಿಲ್ಲ, ಹಳ್ಳಕ್ಕೆ ನೆನಪಿತ್ತು. ಏರಿ ಒಡೆದರೆ ಕಾಲೊನಿಯ ಜನ ಓಡಲೂ ಸಮಯ ಸಿಗದು. ಕೋಡಿ ಬಿಚ್ಚಿದರೆ ಜನ ಉಳಿಯುತ್ತಾರೆ, ದಂಡೆಯ ಮೇಲಿನ ಸಾಲು ಮನೆಗಳು ಉಳಿಯುವುದು ಅನುಮಾನ.

ಮೇಲಿನ ಸಾಹೇಬರಿಗೆ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡು, "ಪರಿಸ್ಥಿತಿ ನೋಡಿ ಸೂಕ್ತ ಕ್ರಮ ಕೈಗೊಳ್ಳಿ. ಶಾಸಕರನ್ನ ವಿಶ್ವಾಸಕ್ಕೆ ತಗೊಳ್ಳಿ," ಎಂದರು.

"ಅವರು ಬೇಡ ಅಂದ್ರೆ ಸಾರ್?"

"ಲೈನು ಸರಿಯಾಗಿ ಕೇಳ್ತಾ ಇಲ್ಲಮ್ಮ," ಎಂದು ಇಟ್ಟುಬಿಟ್ಟರು. ನನಗೆ ಅವರ ಉಸಿರು ಕೂಡ ಕೇಳುತ್ತಿತ್ತು. ಮಕ್ಕಳೇ, ಸೂಕ್ತ ಕ್ರಮ ಎಂಬ ಮಾತು ನಿಮಗೂ ಬರುತ್ತದೆ. ಸರಿಹೋದರೆ ಅವರ ಮಾರ್ಗದರ್ಶನ, ಕೆಟ್ಟರೆ ನಿಮ್ಮ ದುಡುಕು ಎಂದು ಅದರ ಅರ್ಥ.

ನಾನೂ ಬಾಷಾ ಅವರೂ ಜೀಪಿನಲ್ಲಿ ಹೋದಾಗ ಮಳೆ ಹನಿಯುತ್ತಿತ್ತು. ಏರಿಯ ಬುಡಕ್ಕೆ ಇಳಿದು ನೋಡಿದೆ. ಬೆರಳು ದಪ್ಪದ ನೀರು, ಇಟ್ಟಿಗೆ ಬಣ್ಣದ್ದು. ಬಾಷಾ ಅಂಗೈಯಲ್ಲಿ ಹಿಡಿದು ತೋರಿಸಿದರು. ನೀರು ಸೋರಿಹೋದ ಮೇಲೆ ಕೈಯಲ್ಲಿ ಮಣ್ಣು ಉಳಿಯಿತು. ಮೇಲೆ ಏರಿಯ ಮೇಲೆ ಶಾಮಿಯಾನ ಕಟ್ಟುತ್ತಿದ್ದರು. ಮಂಡಲ ಪಂಚಾಯಿತಿಯ ಪ್ರಧಾನರಾಗಿದ್ದ ಪಿಳ್ಳಪ್ಪನವರು ಛತ್ರಿ ಹಿಡಿದು ಕಂಬ ನೆಡಿಸುತ್ತಿದ್ದರು. ಕೋಡಿ ಬಿಚ್ಚಬೇಕು ಎಂದೆ.

"ಏನಮ್ಮಾ ಹಿಂಗಂತೀರಿ? ತುಂಬಿದ ಬಸುರಿಗೆ ಮಡಿಲು ತುಂಬೋಕ್ ಮುಂಚೆ ಅಪಶಕುನ ಆಡ್ತಾರಾ? ಬಾಗಿನ ಕೊಡೋದು ತುಂಬಿದ ಕೆರೆಗೆ. ಇಳಿದ ಕೆರೆಗೆ ಯಾರ್ ಕೊಡ್ತಾರೆ? ಶುಕ್ರವಾರ ಆಗ್ಲಿ, ನಾನೇ ನಿಂತು ಬಿಚ್ಚಿಸ್ತೀನಿ."

"ಶುಕ್ರವಾರದವರೆಗೆ ಏರಿ ನಿಂತ್ರೆ ತಾನೆ?"

"ನಮ್ ತಾತನ ಕಾಲದಿಂದ ನಿಂತೈತೆ. ನೀವ್ ಬಂದ್ ಹೇಳ್ಬೇಕಾ?"

ಪಿಳ್ಳಪ್ಪ ಕೆಟ್ಟವರಲ್ಲ. ಆ ಎರಡು ಮೊಳ ನೀರೆಂದರೆ ಊರಿಗೆ ಇನ್ನೊಂದು ಬೆಳೆ, ಹಿಪ್ಪುನೇರಳೆ ತೋಟಕ್ಕೆ ಬೇಸಿಗೆಯ ಆಸರೆ. ಆದರೆ ಅವರ ಹಿಂದೆ ಗಂಡಸರು ಒಬ್ಬೊಬ್ಬರಾಗಿ ಬಂದು ಕೋಡಿಯ ಕಲ್ಲುಗಳ ಮೇಲೆ ಕೂತರು. ಪೊಲೀಸರನ್ನು ಕರೆಸಿದರೆ ಗಲಾಟೆ, ಕರೆಸದಿದ್ದರೆ ನೀರು. ನನಗೆ ಹಳೆಯ ತಹಸೀಲ್ದಾರರ ಸುಣ್ಣದ ಡಬ್ಬಿ ನೆನಪಾಯಿತು. ಅಲ್ಲಿ ವಾದ ಮಾಡುವುದು ಬಿಟ್ಟು ನೇರವಾಗಿ ಕಾಲೊನಿಗೆ ಹೋಗಿ ತಮಟೆ ಹೊಡೆಸಿದೆ. ಇವತ್ತು ಸಂಜೆ ಕೋಡಿ ಬಿಚ್ಚುತ್ತಾರೆ, ಎಲ್ಲರೂ ಬೊಮ್ಮಪಲ್ಲಿ ಶಾಲೆಗೆ ಹೋಗಬೇಕು ಎಂದು ಸಾರಿಸಿದೆ. ಸಾರಿದ ಮೇಲೆ ಹಿಂದೆ ಸರಿಯಲು ನನಗೂ ದಾರಿ ಇರಲಿಲ್ಲ.

ಯಾರೂ ಅಲ್ಲಾಡಲಿಲ್ಲ. ಮನೆ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು, ಅಷ್ಟೆ. ಕೊನೆಗೆ ದಂಡೆ ಸಾಲಿನ ಮನೆಯಿಂದ ಮುನಿಯಮ್ಮ ಎಂಬ ಹೆಂಗಸು ಹೊರಗೆ ಬಂದಳು. ನಲವತ್ತರ ಆಸುಪಾಸು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು.

"ಒಳಗ್ ಬಂದ್ ನೋಡಮ್ಮ," ಎಂದಳು.

ಒಳಗೆ ಮನುಷ್ಯರು ಮಲಗಲು ಜಾಗವಿರಲಿಲ್ಲ. ಗೋಡೆಯಿಂದ ಗೋಡೆಗೆ ಬಿದಿರಿನ ತಟ್ಟೆಗಳು, ತಟ್ಟೆ ತುಂಬ ರೇಷ್ಮೆ ಹುಳ. ಸೊಪ್ಪು ತಿನ್ನುವ ಸದ್ದು ಮನೆ ತುಂಬಿಕೊಂಡಿತ್ತು.

"ನಾಕನೇ ಜ್ವರ ಎದ್ದು, ಕೊನೇ ಪೊರೆ ಬಿಟ್ಟು ಹುಳ ಹಣ್ಣಾಗ್ತಾ ಐತೆ. ಇವತ್ತೋ ನಾಳೆಯೋ ಗೂಡು ಕಟ್ಟೋಕೆ ಬಿಡ್ಬೇಕು. ಈಗ ಬಿಟ್ಟೋದ್ರೆ ನಾಳೆ ಗುಡಿಸಿ ಎಸಿಯೋಕೆ ಬರ್ಬೇಕಷ್ಟೆ. ಈ ಕಾಲೋನೀಲಿ ಎಲ್ಲಾರ ಮನೇಲೂ ಹಿಂಗೇ ಐತೆ. ನಮ್ಮನ್ನ ಕರೀತೀಯ, ಇವನ್ನ ಯಾರ್ ಕರೀತಾರೆ?"

ಆಗ ಅರ್ಥವಾಯಿತು. ಇವರಿಗೆ ನೀರಿನ ಭಯವಿಲ್ಲ ಎಂದಲ್ಲ, ಹುಳವನ್ನು ಬಿಟ್ಟು ಬದುಕಿ ಏನು ಮಾಡುವುದು ಎಂಬ ಲೆಕ್ಕ.

"ಹುಳಾನೂ ಕರ್ಕೊಂಡ್ ಹೋಗಣ," ಎಂದೆ.

ಬಾಷಾ ಕಿವಿಯ ಹತ್ತಿರ ಬಂದು, "ಮೇಡಂ, ರೂಲ್ಸಲ್ಲಿ ಹುಳ ಇಲ್ಲ," ಎಂದರು.

"ರೂಲ್ಸಲ್ಲಿ ಬಾಗಿನಾನೂ ಇಲ್ಲ ಬಾಷಾ. ಲಾರಿ ನಿಲ್ಸಿ."

ಚಿಂತಾಮಣಿ ಮಾರ್ಕೆಟ್ಟಿಗೆ ಟೊಮ್ಯಾಟೊ ಹಾಕಿ ಖಾಲಿ ಬರುತ್ತಿದ್ದ ಲಾರಿಗಳನ್ನು ಬಾಷಾ ರಸ್ತೆಗೆ ಅಡ್ಡ ನಿಂತು ತಡೆದರು. ಹುಳಕ್ಕೆ ಹನಿ ತಾಕುವ ಹಾಗಿಲ್ಲ, ಲಾರಿಗೆ ಹೊದಿಕೆಯಿಲ್ಲ. ಸುತ್ತ ನೋಡಿದೆ. ಏರಿಯ ಮೇಲೆ ಕೆಂಪು ಹಳದಿ ಶಾಮಿಯಾನ ಕಂಡಿತು. ಬಿಚ್ಚಿಸಿ ತರಿಸಿದೆ. ಪಿಳ್ಳಪ್ಪ ಕೂಗಾಡಿದರು. ಮಂತ್ರಿಗಳ ತಲೆಗೆಂದು ತಂದದ್ದು ಹುಳದ ತಲೆಗೆ ಹೋಯಿತು ಎಂದು ಅವರಿಗೆ ಸಿಟ್ಟು. ತಟ್ಟೆಗಳು ಒಂದೊಂದಾಗಿ ಲಾರಿ ಹತ್ತಿದವು. ತಟ್ಟೆಯ ಹಿಂದೆ ಜನವೂ ಹತ್ತಿದರು. ಕೊನೆಗೆ ಮುನಿಯಮ್ಮ ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಶಾಸಕರ ಕಾರು ಏರಿಯ ಮೇಲೆ ಬಂದಾಗ ಲಾರಿಗಳು ಶಾಲೆ ಮುಟ್ಟಿದ್ದವು. ಮಳೆ ಜೋರಾಗಿತ್ತು. ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಮಾತಾಡಿದರು, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಮೇಡಂ, ಕೋಡಿ ಬಿಚ್ಚಿದ್ರೆ ಮನೆಗಳು ಹೋಗೋದು ಗ್ಯಾರಂಟಿ. ಬಿಚ್ಚದೇ ಇದ್ರೆ ಏನೂ ಆಗದೇ ಇರಬಹುದು. ಅಲ್ವಾ?"

"ಏನಾದ್ರೂ ಆದ್ರೆ ಜನ ಹೋಗ್ತಾರೆ ಸಾರ್."

"ಜನಾನ ಸ್ಕೂಲಿಗೆ ಕಳಿಸಿದ್ದೀರಲ್ಲ. ಇನ್ಯಾಕೆ ಬಿಚ್ಬೇಕು? ಕಾಯಣ."

"ಏರಿ ಒಡೆದ್ರೆ ನೀರು ಕಾಲೊನಿ ಒಂದನ್ನೇ ಹುಡ್ಕೊಂಡು ಹೋಗಲ್ಲ ಸಾರ್. ಬೊಮ್ಮಪಲ್ಲಿ ಕೆಳಗಿನ ಬೀದಿ ಹೋಗುತ್ತೆ. ಅದರ ಕೆಳಗಿನ ಕೆರೆ ಹೋಗುತ್ತೆ. ಅದರ ಕೆಳಗೆ ಇನ್ನೊಂದಿದೆ. ಎಲ್ಲಾರನ್ನೂ ಯಾವ ಸ್ಕೂಲಿಗೆ ಕಳಿಸ್ಲಿ?"

ಅದಕ್ಕೆ ಅವರು ಹೇಳಿದ ಮಾತನ್ನು ನಾನು ಈ ವಯಸ್ಸಿನಲ್ಲೂ ಮರೆತಿಲ್ಲ. "ನೋಡಿಮ್ಮ, ಒಡೆದ್ರೆ ಅದು ದೇವರ ಕೆಲಸ. ಬಿಚ್ಚಿದ್ರೆ ನಮ್ಮ ಕೆಲಸ. ಜನ ದೇವರನ್ನ ಕ್ಷಮಿಸ್ತಾರೆ. ನಮ್ಮನ್ನ ಕ್ಷಮಿಸಲ್ಲ. ನೀವು ನಾಳೆ ವರ್ಗ ಆಗಿ ಹೋಗ್ತೀರಿ, ನಾನು ಇಲ್ಲೇ ವೋಟು ಕೇಳ್ಬೇಕು."

"ಹಾಗಾದ್ರೆ ಬಿಚ್ಬೇಡ ಅಂತ ಹೇಳಿ ಸಾರ್. ಎಲ್ಲರ ಮುಂದೆ ಹೇಳಿ."

ಹೇಳಲಿಲ್ಲ. ಬಿಚ್ಚಿ ಎಂದೂ ಹೇಳಲಿಲ್ಲ. "ನಾನು ಇವತ್ತು ಇಲ್ಲಿಗೆ ಬಂದೇ ಇಲ್ಲ," ಎಂದು ಕಾರು ಹತ್ತಿದರು. ಕಾರು ತಿರುಗುವುದನ್ನು ನೋಡುತ್ತ ನಿಂತೆ. ಹೆದರಿಕೆಯಾಯಿತು. ಬಾಷಾ ತಪ್ಪು ಹೇಳಿದ್ದರೆ? ಇನ್ನೊಂದು ಗಂಟೆಗೆ ಮಳೆ ನಿಂತರೆ? ಆಗ ನಾನು ಬಡವರ ಮನೆ ಕೆಡವಿದವಳು.

ಬಾಷಾ ಏರಿಯ ಬುಡದಿಂದ ಕೂಗಿದರು. ಬೆರಳು ದಪ್ಪವಿದ್ದ ನೀರು ತೋಳು ದಪ್ಪವಾಗಿತ್ತು.

ಪಿಳ್ಳಪ್ಪನವರ ಹತ್ತಿರ ಹೋದೆ. "ಪಿಳ್ಳಪ್ಪನವರೇ, ಬಾಗಿನ ಆದ್ಮೇಲೆ ಬಿಚ್ತೀನಿ ಅಂದ್ರಲ್ಲ. ಮಂತ್ರಿಗಳಿಗಿಂತ ಮುಂಚೆ ಈ ಕೆರೆಗೆ ಬಾಗಿನ ಯಾರು ಕೊಡ್ತಿದ್ರು?"

"ನಮ್ಮ ಮನೆ ಹೆಣ್ಮಕ್ಕಳೇ. ನಮ್ಮವ್ವ, ಅವರವ್ವ..."

"ಕೆರೆ ಇವತ್ತು ತುಂಬಿದೆ. ಶುಕ್ರವಾರ ಇರುತ್ತೋ ಇಲ್ವೋ. ಈಗಲೇ ಕೊಡಿಸಿ."

ಪಿಳ್ಳಪ್ಪ ಕೋಡಿ ಮೇಲೆ ಕೂತಿದ್ದವರ ಕಡೆ ತಿರುಗಿದರು. ಕಾರು ಬಂದು ಸುಮ್ಮನೆ ಹೋದದ್ದನ್ನು ಎಲ್ಲರೂ ಕಂಡಿದ್ದರು, ಅದು ಅವರೊಳಗೂ ಏನೋ ಅಲ್ಲಾಡಿಸಿತ್ತು. "ಎಮ್ಮೆಲ್ಲೆ ನಿಲ್ಲಲಿಲ್ಲ ಅಂದ್ರೆ ಏನೋ ಐತೆ," ಎಂದು ಯಾರೋ ಗೊಣಗಿದರು. ಪಿಳ್ಳಪ್ಪ ಮನೆಗೆ ಆಳು ಕಳಿಸಿದರು. ಅವರ ಹೆಂಡತಿ ನಾಲ್ಕಾರು ಹೆಂಗಸರೊಂದಿಗೆ ತಲೆಗೆ ಗೋಣಿಚೀಲ ಹಾಕಿಕೊಂಡು ಬಂದರು, ಎದೆಗೆ ಅವಚಿದ ಮೊರ ಮಾತ್ರ ನೆನೆಯದಂತೆ. ಗಂಡ ಸತ್ತವಳು ನಾನು, ನಿಯಮದಂತೆ ದೂರ ನಿಂತೆ. ಆದೇಶಕ್ಕೆ ಸಹಿ ಹಾಕಲು ಮಾತ್ರ ನನ್ನ ಹಣೆಯನ್ನು ಯಾರೂ ನೋಡಲಿಲ್ಲ. ಮೊರ ನೀರಿಗೆ ಬಿತ್ತು, ತಿರುಗಿತು, ತೇಲಿತು. ಪಿಳ್ಳಪ್ಪ ಕೈಮುಗಿದು, ಪಂಚೆ ಎತ್ತಿ ಕಟ್ಟಿ, ಮೊದಲ ಮೂಟೆಯನ್ನು ತಾವೇ ಎಳೆದರು.

ನೀರು ಹೋದ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ. ಕತ್ತಲಾಗುವ ಮೊದಲೇ ದಂಡೆಯ ಸಾಲಿನ ಮನೆಗಳು ಒಂದರ ಹಿಂದೆ ಒಂದು ಕುಸಿದವು. ಅಷ್ಟರಲ್ಲಿ ನಾನು ಶಾಲೆಗೆ ಬಂದಿದ್ದೆ, ಜಗಲಿಯಿಂದ ಎಲ್ಲ ಕಾಣುತ್ತಿತ್ತು. ಒಳಗೆ ನಾಲ್ಕನೇ ತರಗತಿಯ ಕೋಣೆಯಲ್ಲಿ ಹುಳಗಳು ಗೂಡು ಕಟ್ಟತೊಡಗಿದ್ದವು. ಮುನಿಯಮ್ಮ ಸೆರಗಿನ ಕೀಲಿಕೈ ಹಿಡಿದುಕೊಂಡು ತನ್ನ ಮನೆ ಬೀಳುವುದನ್ನು ನೋಡಿದಳು. ಅಳಲಿಲ್ಲ. ನನ್ನ ಕಡೆ ತಿರುಗಿ, "ನಿನ್ ಕೈ ಮರಗಟ್ಟಿ ಸೇದೋಗ!" ಎಂದಳು.

ಮಳೆ ಮಾರನೇ ದಿನ ಮಧ್ಯಾಹ್ನದವರೆಗೆ ಹೊಡೆದು ನಿಂತಿತು. ಏರಿ ಒಡೆಯಲಿಲ್ಲ. ಕೆರೆಯ ನೀರು ಇಳಿದಿತ್ತು, ಬುಡದ ಸೋರಿಕೆ ನಿಂತಿತ್ತು. ಬಿಸಿಲು ಬಿದ್ದಾಗ ಏರಿ ಏನೂ ಆಗೇ ಇಲ್ಲವೆಂಬಂತೆ ಹಸಿರು ಹೊದ್ದು ಮಲಗಿತ್ತು. ಬಾಗಿನದ ಭಕ್ತಿ ಇಳಿದ ಪಿಳ್ಳಪ್ಪನವರೇ, "ನೋಡಿದ್ರಾ? ಕಲ್ಲಿನಂಗೆ ನಿಂತೈತೆ. ಸುಮ್ನೆ ನೀರು ಕಳೆದ್ರಿ," ಎಂದರು. ಅಧಿಕಾರಿಯ ದುಡುಕಿಗೆ ಬಡವರ ಸೂರು ಬಲಿ ಎಂದು ಪತ್ರಿಕೆಯಲ್ಲಿ ಬಂತು. ತನಿಖೆಯಾಗಬೇಕೆಂದು ಶಾಸಕರೇ ಹೇಳಿಕೆ ಕೊಟ್ಟರು.

ವಿಚಾರಣೆ ನಡೆಸಿದ್ದು ಸೂಕ್ತ ಕ್ರಮದ ಸಾಹೇಬರೇ. "ಕೆರೆ ಒಡೆಯುತ್ತಿತ್ತು ಅನ್ನೋದಕ್ಕೆ ಆಧಾರ ಏನು?" ಎಂದು ಕೇಳಿದರು. ಬಾಷಾ ಕೆಂಪು ನೀರಿನ ವಿಷಯ ಹೇಳಿದರು. ಈಗ ಎಲ್ಲಿದೆ ಎಂದು ಕೇಳಿದರು. ಈಗ ಎಲ್ಲಿರುತ್ತದೆ? ಫ್ಲಾಸ್ಕಿನ ಆಲಿಕಲ್ಲು ನೆನಪಾಗಿ ನನಗೆ ಆ ಕೋಣೆಯಲ್ಲಿ ನಗು ಬಂತು, ಅದನ್ನೂ ಉದ್ಧಟತನ ಎಂದು ಬರೆದುಕೊಂಡರು. ನನ್ನನ್ನು ಚಿಂತಾಮಣಿಗೆ, ಕೆಲಸವಿಲ್ಲದ ಒಂದು ಕುರ್ಚಿಗೆ ಹಾಕಿದರು. ಬಾಷಾ ಅವರನ್ನು ಎಲ್ಲಿಗೋ ದೂರ ಕಳಿಸಿದರು.

ಅದೆಲ್ಲ ನೌಕರಿಯಲ್ಲಿ ಇದ್ದದ್ದೇ. ನನ್ನ ನಿದ್ದೆ ಕೆಡಿಸಿದ್ದು ಬೇರೆ. ಬಿದ್ದ ಮನೆಗಳಿಗೆ ಪರಿಹಾರ ಬರಲಿಲ್ಲ. ಪ್ರಕೃತಿ ವಿಕೋಪದಿಂದ ಬಿದ್ದಿದ್ದರೆ ಕೊಡಬಹುದಿತ್ತಂತೆ. ಇವು ಬಿದ್ದದ್ದು ಅಧಿಕಾರಿಯ ಆದೇಶದಿಂದ, ಆದ್ದರಿಂದ ನಿಯಮದಲ್ಲಿ ಅವಕಾಶವಿಲ್ಲ. ಶಾಸಕರು ಅವತ್ತು ಏರಿಯ ಮೇಲೆ ಹೇಳಿದ ದೇವರ ಕೆಲಸ, ನಮ್ಮ ಕೆಲಸ ಎಂಬ ಮಾತನ್ನು ಸರ್ಕಾರ ಅಕ್ಷರಶಃ ಪಾಲಿಸಿತು.

ಒಂದು ದಿನ ಮುನಿಯಮ್ಮ ಚಿಂತಾಮಣಿಯ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ಕೂತಳು. ಎರಡು ಬಸ್ಸು ಬದಲಿಸಿ ಬಂದಿದ್ದಳು. ಚೆನ್ನಾಗಿ ಬೈದಳು. ಹುಳ ಒಳ್ಳೇ ಗೂಡು ಕಟ್ಟಿತು, ಆದರೆ ಗೂಡು ಮಾರಿ ಬಂದು ಮಲಗಲು ತನಗೇ ಗೂಡಿಲ್ಲ ಎಂದಳು. ನಾನು ಈಗ ಆ ತಾಲೂಕಿನವಳಲ್ಲ, ಹೊಸ ತಹಸೀಲ್ದಾರರ ಹತ್ತಿರ ಹೋಗು ಎಂದೆ.

"ಹೋಗಿದ್ದೆ. ಎಲ್ಲಿತ್ತಮ್ಮ ನಿನ್ ಮನೆ, ತೋರ್ಸು ಅಂದ. ಅಲ್ಲಿ ಮರಳೈತೆ. ಏನ್ ತೋರಿಸ್ಲಿ? ನನ್ ಮನೆ ಇದ್ದಿದ್ ನೋಡಿರೋ ಆಫೀಸರ್ ನೀನೊಬ್ಳೇ. ನೀನ್ ಒಳಗ್ ಬಂದಿದ್ದೆ."

ಅವಳಿಗೆ ಟೀ ತರಿಸಿದೆ. ಆಮೇಲೆ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಬಂದಾಗಲೆಲ್ಲ ಅವಳು ಬಂದು ಬೈದು ಹೋಗುವುದು ರೂಢಿಯಾಯಿತು. ಟೀ ಕುಡಿದು ಬೈಯುತ್ತಿದ್ದಳು. ನಾನು ಅರ್ಜಿಗಳನ್ನು ಬರೆದೆ, ಕಂಡವರ ಕೈಕಾಲು ಹಿಡಿದೆ, ಏನೂ ಆಗಲಿಲ್ಲ. ಚುನಾವಣೆ ಹತ್ತಿರ ಬಂದಾಗ ಇನ್ನು ಒಂದೇ ಬಾಗಿಲು ಉಳಿದಿದೆ ಎಂದು ಅವಳನ್ನು ಕರೆದುಕೊಂಡು ಶಾಸಕರ ಮನೆಗೆ ಹೋದೆ.

ಅವರು ನಮ್ಮನ್ನು ಚೆನ್ನಾಗಿಯೇ ಕೂರಿಸಿದರು, ಕಾಫಿ ಕೊಡಿಸಿದರು. ಎಲ್ಲ ಕೇಳಿದ ಮೇಲೆ, "ಕಷ್ಟ ಮೇಡಂ," ಎಂದರು. "ಪರಿಹಾರ ಕೊಡ್ಬೇಕು ಅಂದ್ರೆ ಕೋಡಿ ಬಿಚ್ಚಿದ್ದು ಸರಿ ಅಂತ ಆಗ್ಬೇಕು. ನೀವು ಮಾಡಿದ್ದು ಸರಿ ಅಂದ್ರೆ ನಾನು ತನಿಖೆ ಕೇಳಿದ್ದು ತಪ್ಪಾಗುತ್ತೆ." ಲೋಟ ಕೆಳಗಿಟ್ಟು ಮುಂದುವರಿಸಿದರು, "ಆದ್ರೆ ಬಿಚ್ಚಿಸಿದ್ದು ನಾನೇ ಅಂತ ಆದ್ರೆ ಬೇರೆ ಮಾತು. ಜನರ ಪ್ರಾಣ ಉಳಿಸೋಕೆ ಶಾಸಕರು ತಗೊಂಡ ತೀರ್ಮಾನ. ಆಗ ಮನೆ ಕಟ್ಟಿಸಿಕೊಡೋದು ಸರ್ಕಾರದ ಜವಾಬ್ದಾರಿ. ಮೇಲೆ ಗುಟ್ಟೆ ಹತ್ರ ಜಾಗ ಇದೆ. ನಾನು ಮಾತಾಡ್ತೀನಿ. ನೀವು ಇಲ್ಲ ಅನ್ನದೇ ಇದ್ರೆ ಸಾಕು."

ಮೈಯೆಲ್ಲ ಉರಿಯಿತು. ನಾನು ಇಲ್ಲಿಗೆ ಬಂದೇ ಇಲ್ಲ ಎಂದು ಕಾರು ಹತ್ತಿದ ಮನುಷ್ಯ ಇವನೇ. ಬಾಷಾ ರಸ್ತೆಗೆ ಅಡ್ಡ ನಿಂತದ್ದು, ಆ ಹೆಂಗಸರು ಗೋಣಿಚೀಲ ಹಾಕಿಕೊಂಡು ಬಂದದ್ದು, ಎಲ್ಲ ಇವನ ಲೆಕ್ಕಕ್ಕೆ ಹೋಗಬೇಕೆ? ಎದ್ದು ಹೋಗಬೇಕು ಎನಿಸಿತು. ಪಕ್ಕದಲ್ಲಿ ಮುನಿಯಮ್ಮ ಸೆರಗಿನ ಗಂಟನ್ನು ಹೊಸೆಯುತ್ತ ಕೂತಿದ್ದಳು. ಆ ಗಂಟಿನಲ್ಲಿ ಇನ್ನೂ ಅದೇ ಕೀಲಿಕೈ.

"ನಾನು ಇಲ್ಲ ಅನ್ನಲ್ಲ ಸಾರ್," ಎಂದೆ.

ಮಾತು ಉಳಿಸಿಕೊಂಡರು, ಅದನ್ನು ಒಪ್ಪಬೇಕು. ನನ್ನ ಮೇಲಿನ ವಿಚಾರಣೆ ಸದ್ದಿಲ್ಲದೆ ಮುಚ್ಚಿಹೋಯಿತು. ಗುಟ್ಟೆ ಎನ್ನುವ ಗುಡ್ಡದ ಮಗ್ಗುಲಲ್ಲಿ, ಹಳ್ಳಕ್ಕೆ ಬಲು ದೂರದಲ್ಲಿ ಮನೆಗಳು ಎದ್ದವು. ಬಾಗಿಲು ತೆರೆಯುವ ದಿನ ಮುನಿಯಮ್ಮ ಹೇಳಿ ಕಳಿಸಿದ್ದಳು. ಹೋಗಿ ಅವಳ ಪಕ್ಕದಲ್ಲಿ ಕೂತೆ. ಮೇಲೆ ಕೆಂಪು ಹಳದಿ ಶಾಮಿಯಾನ. ಶಾಸಕರು ಮೈಕು ಹಿಡಿದರು.

"ಅವತ್ತು ಆ ಮಳೇಲಿ ಏರಿ ಮೇಲೆ ನಿಂತಿದ್ದೆ. ಅಧಿಕಾರಿಗಳು ಬೇಡ ಸಾರ್, ಬೇಡ ಸಾರ್ ಅಂತ ಕೈ ಹಿಡ್ಕೊಂಡ್ರು. ನಾನು ಕೇಳ್ಲಿಲ್ಲ. ಮನೆ ಹೋದ್ರೆ ಕಟ್ಟಿಸ್ತೀನಿ, ಜನ ಹೋದ್ರೆ ತರೋಕಾಗುತ್ತಾ ಅಂದೆ. ಬಿಚ್ರೋ ಕೋಡಿ ಅಂದೆ!"

ಜನ ಚಪ್ಪಾಳೆ ತಟ್ಟಿದರು. ಪಿಳ್ಳಪ್ಪನವರೂ ತಟ್ಟಿದರು. ಇಲ್ಲ ಅನ್ನಬಾರದು ಎಂದು ಒಪ್ಪಿದ್ದೆ, ಬೇಡ ಅಂದೆ ಎಂದು ಹೇಳಿಸಿಕೊಳ್ಳಲು ಒಪ್ಪಿರಲಿಲ್ಲ. ಗೊತ್ತಿಲ್ಲದೆಯೇ ಕುರ್ಚಿಯಿಂದ ಅರ್ಧ ಎದ್ದಿದ್ದೆ. ಸೇದಿಹೋಗಲಿ ಎಂದು ಶಪಿಸಿದ್ದ ಅದೇ ಕೈಯನ್ನು ಹಿಡಿದು ಮುನಿಯಮ್ಮ ಕೆಳಗೆ ಎಳೆದಳು.

"ಪೋನೀಲೇಮ್ಮಾ, ಹೋಗ್ಲಿ, ಕೂತ್ಕ. ಹೇಳ್ಕಳ್ಳಿ ಬಿಡು," ಎಂದಳು. "ಇಲ್ಲಿಗೆ ನೀರು ಬರಲ್ಲ."

ನಾನು ಕೂತೆ.